ಅಪ್‌ಡೇಟ್ ಆದ ಮೇಲೆ ಎಲೆಕ್ಟ್ರಿಕ್ ಕಾರು ಕೈ ಕೊಡುತ್ತಿದೆ, ಏನು ಮಾಡಲಿ?

ಚಿತ್ರದುರ್ಗದಿಂದ ನೀವು ಕಳಿಸಿದ ಪ್ರಶ್ನೆ ಓದಿದ ಕೂಡಲೇ ನನ್ನ ಕಾರಿನ ಹೋದ ಬೇಸಿಗೆ ನೆನಪಾಯಿತು. ರಾತ್ರಿ ಅಪ್‌ಡೇಟ್ ಒತ್ತಿ ಮಲಗಿದಿರಿ. ಬೆಳಗ್ಗೆ ಎದ್ದು ನೋಡಿದರೆ ಫುಲ್ ಚಾರ್ಜ್‌ಗೆ 300 ಕಿಲೋಮೀಟರ್ ತೋರಿಸುತ್ತಿದ್ದ ಕಾರು 255 ಅನ್ನುತ್ತಿದೆ. ಹೈವೇಯಲ್ಲಿ ಫಾಸ್ಟ್ ಚಾರ್ಜಿಂಗ್‌ಗೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ಎರಡು ಸಲ ಕಾರು ಎದ್ದೇ ಇಲ್ಲ. ಸರ್ವಿಸ್ ಸೆಂಟರಿನವರು ‘ಎಲ್ಲರದ್ದೂ ಹಂಗೇ ಐತೆ ಸರ್, ಮುಂದಿನ ಅಪ್‌ಡೇಟಲ್ಲಿ ಸರಿ ಹೋಗುತ್ತೆ’ ಅಂದಿದ್ದಾರೆ. ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿಸಬಹುದಾ ಅಂತ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವಾಗಿ ಹಾಕಿಕೊಳ್ಳಲು ಆಗಲ್ಲ. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರನ್ನು ಕಾರು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹೊರಗಡೆ ಯಾರಾದರೂ ‘ಲ್ಯಾಪ್‌ಟಾಪ್ ಹಾಕಿ ಮಾಡಿಕೊಡ್ತೀನಿ’ ಅಂದರೆ ಹತ್ತಿರ ಸೇರಿಸಬೇಡಿ. ಬ್ಯಾಟರಿ ವಾರಂಟಿ ಹೋದರೆ ಆಮೇಲೆ ಯಾರೂ ಬರುವುದಿಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇವನ್ಯಾಕೆ ಇಷ್ಟು ಮಾತಾಡುತ್ತಾನೆ ಅನಿಸುತ್ತದೆ. ದಾವಣಗೆರೆಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟರ್‌ಗಳೇ ನಮ್ಮ ಅನ್ನ. ಕಾರು ರಿಪೇರಿಯವನಲ್ಲ. ಆದರೆ ಕರೆಂಟು ಎಲ್ಲಿಂದ ಬಂತು, ಎಲ್ಲಿ ಹೋಯಿತು ಅನ್ನುವುದನ್ನು ಅಳೆದು ನೋಡುವುದು ಅಭ್ಯಾಸ. ನನ್ನ ಕಾರಿಗೂ ಯುಗಾದಿ ಆದ ಮೇಲೆ ಒಂದು ಅಪ್‌ಡೇಟ್ ಬಂತು, ಅದಾದ ತಿಂಗಳಲ್ಲಿ ಮೂರು ತೊಂದರೆ ಶುರುವಾದವು. ಮೂರಕ್ಕೂ ಅಪ್‌ಡೇಟನ್ನೇ ಬೈದೆ. ಅಳೆದು ನೋಡಿದ ಮೇಲೆ ಗೊತ್ತಾಯಿತು, ಅದರಲ್ಲಿ ಒಂದೇ ಒಂದು ಅದರ ತಪ್ಪು.

ಆ ಒಂದು ಯಾವುದು ಅಂದರೆ, ನಿಮ್ಮದರ ಹಾಗೇ ಕಾರು ಏಳದೇ ಹೋಗಿದ್ದು.

ಅವತ್ತು ಭಾನುವಾರ. ಚಿತ್ರದುರ್ಗದಲ್ಲಿ ನಮ್ಮ ಷಡ್ಡಕರ ಮನೆ ಗೃಹಪ್ರವೇಶ. ಬೆಳಗ್ಗೆ ಐದೂವರೆಗೆ ಎಲ್ಲರೂ ರೆಡಿ. ಕಾರಿನ ಬಾಗಿಲೇ ತೆಗೆಯಲಿಲ್ಲ. ಕೀಲಿಯೊಳಗೆ ಅಡಗಿರುವ ಲೋಹದ ಕಡ್ಡಿ ಹುಡುಕಿ ತೆಗೆದು, ಅದರಲ್ಲಿ ಬಾಗಿಲು ತೆಗೆದರೆ ಒಳಗೆ ಕತ್ತಲು. ಶುಕ್ರವಾರ ಸಂಜೆ ನಿಲ್ಲಿಸಿದಾಗ ಬ್ಯಾಟರಿ 84 ಪರ್ಸೆಂಟ್ ಇತ್ತು. ಎಲ್ಲಿ ಹೋಯಿತು? ಎಲ್ಲೂ ಹೋಗಿರಲಿಲ್ಲ. ನಮ್ಮ ಕಡೆ ಹಿಂದೆ ಜೋಳ ತುಂಬಿಡುವ ಹಗೇವು ಇರುತ್ತಿತ್ತಲ್ಲ, ಅದನ್ನೇ ನೆನೆಸಿಕೊಳ್ಳಿ. ಹಗೇವಿನ ತುಂಬ ಜೋಳ ಇದೆ, ಬಾಯಿ ತೆಗೆಯುವ ಆಳು ಮಾತ್ರ ಜ್ವರ ಬಂದು ಮಲಗಿದ್ದಾನೆ. ಆ ಆಳೇ 12 ವೋಲ್ಟಿನ ಸಣ್ಣ ಬ್ಯಾಟರಿ.

ಇದು ಸುಮಾರು ಜನರಿಗೆ ಗೊತ್ತಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲೂ ಪೆಟ್ರೋಲ್ ಕಾರಿನಲ್ಲಿ ಇರುವಂಥದೇ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ಲಾಕು, ಲೈಟು, ಪರದೆ, ಒಳಗಿನ ಕಂಪ್ಯೂಟರ್‌ಗಳು ಎಲ್ಲ ಓಡುವುದು ಅದರಿಂದ. ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಕಾಂಟ್ಯಾಕ್ಟರ್ ಎಳೆಯುವುದಕ್ಕೂ ಅದೇ ಬೇಕು. ನಮ್ಮ ಪಂಪ್ ಸ್ಟಾರ್ಟರ್‌ನಲ್ಲಿ ‘ಟಕ್’ ಅಂತ ಕೂರುತ್ತದಲ್ಲ, ಅದೇ ಜಾತಿಯದು. ಸಣ್ಣ ಬ್ಯಾಟರಿ ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಕಲ್ಲು. ತಳ್ಳಿ ಸ್ಟಾರ್ಟ್ ಮಾಡುವ ಹಾಗೂ ಇಲ್ಲ. ‘ಹಳೇ ಕಾರಾಗಿದ್ರೆ ನಾಲ್ಕು ಜನ ತಳ್ಳಿದ್ರೆ ಹೋಗೋದು’ ಅಂತ ನನ್ನ ಹೆಂಡತಿ ರೇಷ್ಮೆ ಸೀರೆಯಲ್ಲೇ ನಿಂತು ಹೇಳಿದಳು. ಏನಂತ ಉತ್ತರ ಕೊಡಲಿ?

ಪಕ್ಕದ ಮನೆಯವರ ಆಟೋ ಬ್ಯಾಟರಿಯಿಂದ ಎರಡು ವೈರ್ ಎಳೆದು ಕೊಟ್ಟೆ. ಡೀಸೆಲ್ ಎಂಜಿನ್ ತಿರುಗಿಸುವಷ್ಟು ಕರೆಂಟು ಇದಕ್ಕೆ ಬೇಡ, ಕಂಪ್ಯೂಟರ್‌ಗಳು ಎದ್ದು ಕಾಂಟ್ಯಾಕ್ಟರ್ ಕೂತರೆ ಸಾಕು. ಆಮೇಲೆ ದೊಡ್ಡ ಬ್ಯಾಟರಿಯೇ ವೋಲ್ಟೇಜ್ ಇಳಿಸುವ ಕನ್ವರ್ಟರ್ ಮೂಲಕ ಸಣ್ಣದನ್ನು ಚಾರ್ಜ್ ಮಾಡಿಕೊಳ್ಳುತ್ತದೆ. ನೀವು ಮಾಡುವುದಾದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಜಾಗ ನೋಡಿಕೊಂಡೇ ಮಾಡಿ. ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ಕೈ ಹಾಕಲೇಬೇಡಿ, ಅಲ್ಲಿ ಇರುವುದು ನೂರಾರು ವೋಲ್ಟ್ ಡಿಸಿ, ಅಂದರೆ ಬ್ಯಾಟರಿಯ ಕರೆಂಟು.

ಮುಹೂರ್ತ ತಪ್ಪಿತು, ಊಟ ಸಿಕ್ಕಿತು.

ಸರ್ವಿಸ್ ಸೆಂಟರಿಗೆ ಒಯ್ದರೆ ‘12 ವೋಲ್ಟ್ ಬ್ಯಾಟರಿ ಹೋಗೈತೆ, ಹೊಸದು ಹಾಕಿಸಿ’ ಅಂದರು. ಕಾರಿಗೆ ಆಗ ಹದಿನಾಲ್ಕು ತಿಂಗಳು. ನಾನು ಒಪ್ಪಲಿಲ್ಲ. ಅವತ್ತು ರಾತ್ರಿ ಕಾರು ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು, ಸಣ್ಣ ಬ್ಯಾಟರಿಯ ವೈರಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದೆ, ಅದು ವೈರ್ ಬಿಚ್ಚದೆ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್. ಲಾಕ್ ಆಗಿ ಮಲಗಬೇಕಾದ ಕಾರು ಮಿಲಿಆಂಪಿಯರ್ ಲೆಕ್ಕದಲ್ಲಿ ಎಳೆಯಬೇಕು. ನನ್ನದು ಎರಡು ಆಂಪಿಯರ್ ಎಳೆಯುತ್ತಿತ್ತು. ಬ್ಯಾಟರಿ 35 ಆಂಪಿಯರ್ ಅವರ್‌ದು, ಅಂದರೆ ಒಂದು ಆಂಪಿಯರ್ ಎಳೆದರೆ 35 ಗಂಟೆ ಬರುವಂಥದ್ದು. ಭಾಗಾಕಾರ ಮಾಡಿದರೆ ಹದಿನೇಳು ಹದಿನೆಂಟು ಗಂಟೆಯಲ್ಲಿ ಖಾಲಿ. ಅಂದರೆ ಅಪ್‌ಡೇಟ್ ಆದ ಮೇಲೆ ಕಾರಿನ ಯಾವುದೋ ಒಂದು ಕಂಪ್ಯೂಟರ್ ನಿದ್ದೆ ಮಾಡುವುದನ್ನೇ ಬಿಟ್ಟಿದೆ. ಮೀಟರಿನ ವಿಡಿಯೋ ಮಾಡಿ ಇಮೇಲ್ ಹಾಕಿದೆ. ಅಲ್ಲಿಂದ ಧ್ವನಿ ಬದಲಾಯಿತು. ಮೂರು ಸಲ ಓಡಾಡಿಸಿ, ಹತ್ತೊಂಬತ್ತನೇ ದಿನ ಇಂಟರ್ನೆಟ್‌ಗೆ ಜೋಡಿಸುವ ಪೆಟ್ಟಿಗೆಗೆ ಕೇಬಲ್ ಹಾಕಿ ಹೊಸದಾಗಿ ಸಾಫ್ಟ್‌ವೇರ್ ತುಂಬಿದರು. ಮತ್ತೆ ಅಳೆದೆ, ಮೀಟರ್ ಸೊನ್ನೆ ಹತ್ತಿರ. ಬ್ಯಾಟರಿ ಇವತ್ತಿಗೂ ಅದೇ ಇದೆ.

ನಿಮಗೆ ಕ್ಲ್ಯಾಂಪ್ ಮೀಟರ್ ಇಲ್ಲದಿದ್ದರೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಇರುತ್ತದೆ, ಡಿಸಿ ಅಳೆಯುವಂಥದ್ದೇ ಬೇಕು. ಸರಿ ಹೋಗುವವರೆಗೆ ದಿನಾ ಬೆಳಗ್ಗೆ, ಸಂಜೆ ಎರಡೂ ಹೊತ್ತು ಒಂದೊಂದು ಗಂಟೆ ಕಾರು ಆನ್ ಮಾಡಿ ಬಿಡಿ. ಸಣ್ಣ ಬ್ಯಾಟರಿ ಅಷ್ಟಿಷ್ಟು ತುಂಬಿಕೊಳ್ಳುತ್ತದೆ. ನಾನು ಹತ್ತೊಂಬತ್ತು ದಿನ ಹೀಗೇ ಕಾಲ ಹಾಕಿದ್ದು.

ಈಗ ಕಿಲೋಮೀಟರ್ ವಿಷಯ, ನನ್ನ ಎರಡನೇ ತೊಂದರೆಯೂ ಇದೇ. ಪರದೆ ಮೇಲೆ ಬರುವ ಕಿಲೋಮೀಟರ್ ಅನ್ನುವುದು ಅಂದಾಜು, ಅಳತೆ ಅಲ್ಲ. ಬ್ಯಾಟರಿಯಲ್ಲಿ ಇಷ್ಟು ಉಳಿದಿದೆ, ಹೀಗೆ ಓಡಿಸಿದರೆ ಇಷ್ಟು ದೂರ ಹೋಗಬಹುದು ಅಂತ ಸಾಫ್ಟ್‌ವೇರ್ ಹಾಕುವ ಲೆಕ್ಕ. ಲೆಕ್ಕ ಹಾಕುವ ರೀತಿ ಬದಲಾದರೆ ಬ್ಯಾಟರಿ ಹಾಗೇ ಇದ್ದರೂ ನಂಬರ್ ಬದಲಾಗುತ್ತದೆ. ಕಂಪನಿ ಹೇಳುವ ಕಿಲೋಮೀಟರ್ ಪರೀಕ್ಷಾ ಕೇಂದ್ರದಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು. ಅಲ್ಲಿ ನಮ್ಮ ಬಿಸಿಲೂ ಇಲ್ಲ, ನಿಮ್ಮ ದುರ್ಗದ ಗಾಳಿಯೂ ಇಲ್ಲ.

ಗಾಳಿ ಅಂದೆನಲ್ಲ, ಅದು ಸುಮ್ನೆ ಅಲ್ಲ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಹೇಳಿ? ಆಷಾಢದಲ್ಲಿ ನೀವು ದುರ್ಗದಿಂದ ಭರಮಸಾಗರ ದಾಟಿ ದಾವಣಗೆರೆಗೆ ಬಂದರೆ ಗಾಳಿ ಎದುರಿಗೇ ಬಡಿಯುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ನೀವು 80ರಲ್ಲಿ ಹೋಗುತ್ತಿದ್ದು ಎದುರು ಗಾಳಿ 20 ಇದ್ದರೆ ಕಾರಿಗೆ ಅದು 100ರ ಗಾಳಿ. ಪ್ರತಿರೋಧ ಒಂದೂವರೆ ಪಟ್ಟು ಮೀರಿತು. ಹೋಗುವಾಗ ಒಂದು ನಂಬರ್, ಬರುವಾಗ ಇನ್ನೊಂದು, ಅದೇ 60 ಕಿಲೋಮೀಟರ್ ರಸ್ತೆ.

ಹಾಗಾದರೆ ಬ್ಯಾಟರಿ ನಿಜವಾಗಿ ಕಮ್ಮಿಯಾಗಿದೆಯಾ ಅಂತ ತಿಳಿಯುವುದು ಹೇಗೆ? ಯೂನಿಟ್ ಎಣಿಸಿ. ಅಂಗಡಿ ಖರ್ಚು, ಮನೆ ಖರ್ಚು ಬೇರೆ ಇರಲಿ ಅಂತ ನಾನು ಕಾರಿನ ಪ್ಲಗ್ ಪಾಯಿಂಟಿಗೆ ಬೇರೆ ಸಬ್ ಮೀಟರ್ ಹಾಕಿಸಿದ್ದೆ. ಪ್ರತಿ ಸಲ ಚಾರ್ಜ್ ಮಾಡಿದಾಗಲೂ ಎಷ್ಟರಿಂದ ಎಷ್ಟಕ್ಕೆ, ಎಷ್ಟು ಯೂನಿಟ್ ಅಂತ ಅಂಗಡಿ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಿದ್ದೆ. ನನ್ನ ಕಾರಿನದು ಸುಮಾರು 40 ಕಿಲೋವ್ಯಾಟ್ ಅವರ್ ಬ್ಯಾಟರಿ, ಒಂದು ಕಿಲೋವ್ಯಾಟ್ ಅವರ್ ಅಂದರೆ ಒಂದು ಯೂನಿಟ್. 20 ಪರ್ಸೆಂಟಿನಿಂದ 80ಕ್ಕೆ ಏರಿಸಲು ಬ್ಯಾಟರಿಯೊಳಗೆ 24 ಯೂನಿಟ್ ಹೋಗಬೇಕು. ದಾರಿಯಲ್ಲಿ ಬಿಸಿಯಾಗಿ ಹಾಳಾಗುವುದೂ ಸೇರಿ ಮೀಟರ್ 27ರ ಆಸುಪಾಸು ತೋರಿಸುತ್ತದೆ. ಅಪ್‌ಡೇಟ್‌ಗೆ ಮುಂಚಿನ ಪುಟ ತೆಗೆದು ನೋಡಿದೆ: 26.8, 27.3, 27.1. ಆದ ಮೇಲಿನವು: 27.0, 26.7. ನನ್ನ ಕಾರಿನ ಪರದೆ ಕಿಲೋಮೀಟರ್ ನುಂಗಿತ್ತು, ಬ್ಯಾಟರಿ ಏನೂ ನುಂಗಿರಲಿಲ್ಲ. ಬೈದಿದ್ದು ವ್ಯರ್ಥ.

ಅದೇ 60 ಪರ್ಸೆಂಟಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಬಂದಿದ್ದರೆ ಕಥೆ ಬೇರೆ. ಆಗ ಬ್ಯಾಟರಿಯ ಒಂದು ಭಾಗಕ್ಕೆ ಬೀಗ ಹಾಕಿದ್ದಾರೆ ಅಂತ ಅನುಮಾನ ಪಡಬೇಕು. ನಿಮ್ಮಲ್ಲಿ ಹಳೆಯ ಲೆಕ್ಕ ಇಲ್ಲ ಅಂದರೂ ಚಿಂತೆಯಿಲ್ಲ, ಬ್ಯಾಟರಿ ಎಷ್ಟರದು ಅಂತ ಪುಸ್ತಕದಲ್ಲಿ ಇರುತ್ತದೆ. ಅದರ 60 ಪರ್ಸೆಂಟ್ ಮಾಡಿ, ಹತ್ತರಿಂದ ಹದಿನೈದು ಪರ್ಸೆಂಟ್ ನಷ್ಟ ಸೇರಿಸಿ ಹೋಲಿಸಿ. ಬೇರೆ ಸಬ್ ಮೀಟರ್ ಇಲ್ಲದಿದ್ದರೆ ಬೆಸ್ಕಾಂ ಮೀಟರನ್ನೇ ನೋಡಬಹುದು, ಆದರೆ ಆ ರಾತ್ರಿ ಮನೆಯಲ್ಲಿ ಗೀಸರ್, ಎಸಿ ಹಾಕಬೇಡಿ, ಫ್ರಿಜ್ಜಿನದು ಸ್ವಲ್ಪ ಕಳೆಯಿರಿ.

ಅದಕ್ಕೂ ಮುಂಚೆ ಒಂದು ಕೆಲಸ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಆಗಿದ್ದರೆ ಮನೆ ಚಾರ್ಜರ್‌ನಲ್ಲಿ ಒಂದು ಸಲ 100ಕ್ಕೆ ಏರಿಸಿ, ತಾನಾಗಿ ನಿಲ್ಲುವವರೆಗೆ ಬಿಡಿ. ಈ ಜಾತಿಯ ಸೆಲ್‌ನ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಟ್ಯಾಂಕಿಗೆ ಕಡ್ಡಿ ಇಳಿಸಿ ನೀರು ನೋಡಿದ ಹಾಗೆ ನೋಡಲು ಆಗಲ್ಲ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಕಾರು ಮನಸ್ಸಿನಲ್ಲೇ ಎಣಿಸುತ್ತಿರುತ್ತದೆ, ಎಣಿಕೆ ತಪ್ಪುತ್ತದೆ. ತುಂಬುವ ಹೊತ್ತಿಗೆ ವೋಲ್ಟೇಜ್ ಸರ‍್ರನೆ ಏರುತ್ತದಲ್ಲ, ಆಗಲೇ ಅದಕ್ಕೆ ಲೆಕ್ಕ ಸರಿಮಾಡಿಕೊಳ್ಳಲು ಆಗುವುದು.

ನನ್ನ ಮೂರನೇ ತೊಂದರೆ ಹೇಳಿದರೆ ನಗುತ್ತೀರಿ. ಮನೆಯಲ್ಲಿ ಚಾರ್ಜ್ ಹಾಕಿದರೆ ಹತ್ತು ನಿಮಿಷಕ್ಕೆ ಕೆಂಪು ದೀಪ, ಚಾರ್ಜಿಂಗ್ ಬಂದ್. ಒಂದು ವಾರ ಸಾಫ್ಟ್‌ವೇರ್ ಮಾಡಿದವರಿಗೆ ಶಾಪ ಹಾಕಿದೆ. ಕೊನೆಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಮೀಟರ್ ಇಟ್ಟರೆ 20 ವೋಲ್ಟ್ ಮೇಲೆ! ಏಪ್ರಿಲ್ ಬಿಸಿಲಿಗೆ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ಅರ್ಥ್ ಸರಿ ಇಲ್ಲ ಅಂತ ಚಾರ್ಜಿಂಗ್ ತಾನಾಗಿ ನಿಲ್ಲುತ್ತಿತ್ತು. ಊರಿಗೆಲ್ಲ ಅರ್ಥಿಂಗ್ ಹೇಳುವವನ ಮನೆ ಗುಂಡಿ ಇದು. ನಾಲ್ಕು ಕೊಡ ನೀರು ಹಾಕಿದೆ, ಅವತ್ತೇ ಚಾರ್ಜ್ ಆಯಿತು. ಆಮೇಲೆ ಹೊಸ ಗುಂಡಿ ತೆಗೆಸಿದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿ ಹೋಯಿತು ಅಂತಾರಲ್ಲ, ಹಾಗೆ.

ನಿಮ್ಮ ಫಾಸ್ಟ್ ಚಾರ್ಜಿಂಗ್ ನಿಧಾನದ ಬಗ್ಗೆ ನನಗೆ ಸ್ವಂತ ಅನುಭವ ಇಲ್ಲ. ಆದರೆ ಅಳೆಯುವ ದಾರಿ ಇದೆ. ಒಂದೇ ಸ್ಟೇಷನ್, ಬೆಳಗಿನ ಜಾವದ ತಂಪು, ಪಕ್ಕದ ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ಖಾಲಿ ಇರಬೇಕು. ಒಂದೇ ಯಂತ್ರಕ್ಕೆ ಎರಡು ಗನ್ ಇದ್ದರೆ ಪವರ್ ಹಂಚಿಹೋಗುವುದುಂಟು. ಬ್ಯಾಟರಿ 30 ಪರ್ಸೆಂಟ್ ಇದ್ದಾಗ ಯಂತ್ರದ ಪರದೆಯಲ್ಲಿ ಎಷ್ಟು ಕಿಲೋವ್ಯಾಟ್ ಅಂತ ಫೋಟೊ ತೆಗೆಯಿರಿ. 80 ದಾಟಿದ ಮೇಲಿನ ನಿಧಾನ ಲೆಕ್ಕಕ್ಕಿಲ್ಲ, ಅದು ಎಲ್ಲಾ ಕಾರಿನಲ್ಲೂ ಇದ್ದದ್ದೇ. ಮಧ್ಯಾಹ್ನ ಹೈವೇಯಲ್ಲಿ ಬಿಸಿಯಾಗಿ ಬಂದ ಬ್ಯಾಟರಿ ನಿಧಾನ ತಗೊಳ್ಳುವುದೂ ಸಹಜ. ತಂಪು ಹೊತ್ತಿನಲ್ಲೂ ಹಳೆಯ ಬಿಲ್‌ಗಳಿಗಿಂತ ಕಮ್ಮಿ ಬಂದರೆ ಅಪ್‌ಡೇಟೇ ಕಡಿಮೆ ಮಾಡಿದೆ ಅನ್ನಬಹುದು.

ಹಾಗೆ ಮಾಡಿದ್ದು ಉಂಟು. 2019ರಲ್ಲಿ ಟೆಸ್ಲಾ ತನ್ನ ಹಳೆಯ ಮಾಡೆಲ್ ಎಸ್ ಕಾರುಗಳಿಗೆ ಕಳಿಸಿದ ಅಪ್‌ಡೇಟ್ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನು ಇಳಿಸಿತ್ತು. ಅಮೆರಿಕದಲ್ಲಿ 1,743 ಕಾರುಗಳ ಮಾಲೀಕರ ಪರವಾಗಿ ಮೊಕದ್ದಮೆ ನಡೆದು, 2021ರಲ್ಲಿ ಕಂಪನಿ 15 ಲಕ್ಷ ಡಾಲರ್‌ಗೆ ರಾಜಿಯಾಯಿತು, ಒಂದು ಕಾರಿಗೆ 625 ಡಾಲರ್. ಬ್ಯಾಟರಿ ಸುರಕ್ಷತೆಗೆ ಮಿತಿ ಹಾಕುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಬೆಂಕಿಗಿಂತ ನಿಧಾನ ಚಾರ್ಜಿಂಗ್ ವಾಸಿ. ಆದರೆ ಕಾಸು ಕೊಟ್ಟವನಿಗೆ ಹೇಳದೆ ಮಾಡಬಾರದು ಅಲ್ವಾ? ‘ಸಣ್ಣಪುಟ್ಟ ಸುಧಾರಣೆಗಳು’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವುದು ನನಗಂತೂ ಸರಿಕಾಣುವುದಿಲ್ಲ.

ಆದ್ದರಿಂದ ಬಾಯಿಮಾತು ಸಾಕು ಮಾಡಿ. ಸರ್ವಿಸ್ ಸೆಂಟರಿಗೆ ಹೋದಾಗಲೆಲ್ಲ ಜಾಬ್ ಕಾರ್ಡ್‌ನಲ್ಲಿ ದೂರು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅಪ್‌ಡೇಟ್‌ಗೆ ಮುಂಚೆ ಯಾವ ಆವೃತ್ತಿ ಇತ್ತು, ಈಗ ಯಾವುದು, ನಂಬರ್ ಬರೆದಿಡಿ. ಚಾರ್ಜಿಂಗ್ ಮಿತಿ ಬದಲಾಗಿದೆಯಾ ಅಂತ ಕಂಪನಿಗೆ ನೇರವಾಗಿ ಇಮೇಲ್‌ನಲ್ಲಿ ಕೇಳಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ 2019ರ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷದೊಳಗೆ ಇರಬೇಕು, ತೊಂದರೆ ಶುರುವಾಗಿ ಎರಡು ವರ್ಷ ಮೀರಿರಬಾರದು. 10ರಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ನಾನು ಅಲ್ಲಿವರೆಗೆ ಹೋಗಬೇಕಾಗಿ ಬರಲಿಲ್ಲ, ಆ ವಿಡಿಯೋನೇ ಕೆಲಸ ಮಾಡಿತು.

ಇನ್ನು ಮುಂದೆ ಅಪ್‌ಡೇಟ್ ಬಂದರೆ ಊರಿಗೆ ಹೊರಡುವ ಹಿಂದಿನ ರಾತ್ರಿ ಒತ್ತಬೇಡಿ. ನಾನೀಗ ಸೋಮವಾರ ಸಂಜೆ ಹಾಕುತ್ತೇನೆ, ಕೈ ಕೊಟ್ಟರೆ ವಾರವಿಡೀ ಸರ್ವಿಸ್ ಸೆಂಟರ್ ತೆರೆದಿರುತ್ತದೆ. 20ರಿಂದ 80ರ ಯೂನಿಟ್ ಎಷ್ಟು ಬಂತು, ಬ್ಯಾಟರಿ ಎಷ್ಟರದು ಅಂತ ಕೆಳಗೆ ಬರೆಯಿರಿ, ಲೆಕ್ಕ ಹಾಕಿ ನೋಡೋಣ.