1876ರ ಆ 5 ಸೇವ್‌ಗಳು ಎಲ್ಲಿಂದ ಬಂದವು?

ಪ್ರಶ್ನೆ: ಬೇಸ್‌ಬಾಲ್ ದಾಖಲೆಗಳ ಪ್ರಕಾರ 1876ರ ಅಮೆರಿಕದ ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು, ಅಂದರೆ 5 ಸೇವ್ (ಆಟದ ಮಧ್ಯೆ ಬಂದು ತಂಡದ ಮುನ್ನಡೆ ಉಳಿಸಿದ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವರಿಗೆ, ಸಿಗುವ ಶ್ರೇಯ) ಗಳಿಸಿದವರು ಬೋಸ್ಟನ್‌ನ ಜ್ಯಾಕ್ ಮ್ಯಾನಿಂಗ್. ಆದರೆ ಸೇವ್‌ಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1969ರಲ್ಲಿ ಎಂದೂ ಓದಿದ್ದೇನೆ. ಈ ಲೆಕ್ಕ ಬಂದದ್ದು ಹೇಗೆ? ಇದನ್ನು ಇಂದಿನ ರಿಲೀಫ್ ಪಿಚರ್‌ಗಳ (ಆಟದ ಮಧ್ಯೆ ಚೆಂಡು ಎಸೆಯಲು ಬರುವವರ) ಲೆಕ್ಕದೊಂದಿಗೆ ಹೋಲಿಸಬಹುದೇ?

ಉತ್ತರ: ಮ್ಯಾನಿಂಗ್ ಅವರಿಗಾಗಲಿ, ಬೋಸ್ಟನ್‌ನ ಮ್ಯಾನೇಜರ್ ಹ್ಯಾರಿ ರೈಟ್ ಅವರಿಗಾಗಲಿ ಆ 5ರ ಸುಳಿವೇ ಇರಲಿಲ್ಲ. ಹಳೆಯ ಸ್ಕೋರ್ ಪಟ್ಟಿಗಳಿಗೆ ಸುಮಾರು ಒಂದು ಶತಮಾನದ ನಂತರ 1969ರ ನಿಯಮವನ್ನು ಅನ್ವಯಿಸಿ ತೆಗೆದ ಲೆಕ್ಕವಿದು. ತಂಡ ಮುಂದಿರುವಾಗ ಬಂದು, ಆ ಮುನ್ನಡೆಯನ್ನು ಕೊನೆಯವರೆಗೂ ಉಳಿಸಿದ ಪಿಚರ್‌ಗೆ, ಗೆಲುವು (ಅದನ್ನು ತಂಡದ ಒಬ್ಬ ಪಿಚರ್ ಹೆಸರಿಗೆ ಬರೆಯಲಾಗುತ್ತದೆ) ಬೇರೊಬ್ಬರ ಹೆಸರಿಗೆ ಹೋಗಿದ್ದರೆ, ಆ ನಿಯಮ ಸೇವ್ ಕೊಡುತ್ತಿತ್ತು. ಮುನ್ನಡೆ ಎಷ್ಟು ರನ್‌ಗಳದ್ದೆಂದು ಅದು ಕೇಳುತ್ತಿರಲಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಬದಲಿ ಆಟಗಾರರ ನಿಯಮ. ಆ ಕಾಲದಲ್ಲಿ ಗಾಯ ಅಥವಾ ಅನಾರೋಗ್ಯದಂತಹ ಕಾರಣವಿಲ್ಲದೆ ಹೊರಗಿನಿಂದ ಹೊಸಬರನ್ನು ಕರೆತರುವಂತಿರಲಿಲ್ಲ. ಆದ್ದರಿಂದ ಎರಡನೆಯ ಪಿಚರ್ ಆಗಲೇ ಮೈದಾನದಲ್ಲಿ, ಸಾಮಾನ್ಯವಾಗಿ ರೈಟ್ ಫೀಲ್ಡ್‌ನಲ್ಲಿ (ಹೊರ ಮೈದಾನದ ಬಲಭಾಗದಲ್ಲಿ), ಆಡುತ್ತಿರಬೇಕಿತ್ತು. ಕ್ರಿಕೆಟ್‌ನಲ್ಲಿ ಫೀಲ್ಡರ್‌ಗೇ ಚೆಂಡು ಕೊಡುವ ಹಾಗೆ ಇಬ್ಬರೂ ಸ್ಥಾನ ಬದಲಿಸಿಕೊಳ್ಳುತ್ತಿದ್ದರು. ಮ್ಯಾನಿಂಗ್ ಬೋಸ್ಟನ್‌ನ ರೈಟ್ ಫೀಲ್ಡರ್ ಆಗಿದ್ದರು ಎಂಬುದೇ ಅವರ 5 ಸೇವ್‌ಗಳಿಗೆ ಹೆಚ್ಚಿನ ವಿವರಣೆ.

ಈ ಪದ್ಧತಿ ಎಷ್ಟು ಬಿಗಿಯಾಗಿತ್ತೆಂಬುದನ್ನು 1884ರ ಜುಲೈ 22ರ ಪಂದ್ಯ ತೋರಿಸುತ್ತದೆ. ಫಿಲಡೆಲ್ಫಿಯಾ ವಿರುದ್ಧ ಮುಂದಿದ್ದ ಪ್ರಾವಿಡೆನ್ಸ್ ತಂಡದ ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್, ಪಿಚರ್ ಚಾರ್ಲಿ ಸ್ವೀನಿ ಅವರಿಗೆ ರೈಟ್ ಫೀಲ್ಡ್‌ಗೆ ಹೋಗಿ ಚೆಂಡನ್ನು 'ಸೈಕ್ಲೋನ್' ಮಿಲ್ಲರ್ ಅವರಿಗೆ ಬಿಟ್ಟುಕೊಡುವಂತೆ ಹೇಳಿದರು. ಒಪ್ಪದ ಸ್ವೀನಿ ಮೈದಾನವನ್ನೇ ಬಿಟ್ಟು ನಡೆದರು. ಅವರ ಜಾಗಕ್ಕೆ ಯಾರನ್ನೂ ಇಳಿಸಲಾಗದೆ, ಒಂಬತ್ತರ ಬದಲು ಎಂಟೇ ಜನರೊಂದಿಗೆ ಆಡಿದ ಪ್ರಾವಿಡೆನ್ಸ್ 10-6ರಿಂದ ಸೋತಿತು.

ಅದೇ ತಂಡ ಜುಲೈ 28ರಂದು ಅದೇ ಎದುರಾಳಿಯನ್ನು 11-4ರಿಂದ ಸೋಲಿಸಿದ ಪಂದ್ಯ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಮೊದಲ 5 ಇನಿಂಗ್ಸ್ ಮಿಲ್ಲರ್, ಉಳಿದ 4 ಇನಿಂಗ್ಸ್ ಚಾರ್ಲಿ ರ್‍ಯಾಡ್‌ಬರ್ನ್ ಎಸೆದರು. ಸ್ಕೋರರ್ ತಮ್ಮ ವಿವೇಚನೆಯಂತೆ ಗೆಲುವನ್ನು ರ್‍ಯಾಡ್‌ಬರ್ನ್ ಹೆಸರಿಗೆ ಬರೆದರು. ಇಂದಿನ ನಿಯಮದಲ್ಲಾದರೆ ಗೆಲುವು ಮಿಲ್ಲರ್ ಅವರದು, ಸೇವ್ ರ್‍ಯಾಡ್‌ಬರ್ನ್ ಅವರದು. ಆ ವರ್ಷ ರ್‍ಯಾಡ್‌ಬರ್ನ್ ಗೆದ್ದದ್ದು ಕೆಲವೆಡೆ 59, ಕೆಲವೆಡೆ 60 ಎಂದಿರುವುದು ಇದರಿಂದಲೇ. ಒಬ್ಬರ ಗೆಲುವಿನ ಅಂಕಿ ಕದಲಿದರೆ ಇನ್ನೊಬ್ಬರ ಸೇವ್ ಕೂಡ ಕದಲುತ್ತದೆ ಎಂಬುದನ್ನು ಈ ಕಾಲದ ಪಟ್ಟಿಗಳನ್ನು ಓದುವವರು ಮರೆಯಬಾರದು.

ಆದ್ದರಿಂದ ಇಂದಿನವರೊಂದಿಗೆ ಹೋಲಿಕೆ ಸಲ್ಲದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. 1879ರಲ್ಲಿ ಸಿನ್ಸಿನಾಟಿಯ ವಿಲ್ ವೈಟ್ ತಾವು ಆರಂಭಿಸಿದ 75 ಪಂದ್ಯಗಳನ್ನೂ ತಾವೇ ಮುಗಿಸಿದರು. 1881ರಿಂದ 1894ರವರೆಗೆ ಆಡಿದ ಟೋನಿ ಮುಲೇನ್ ಅವರ ಹೆಸರಿನಲ್ಲಿ 15 ಸೇವ್‌ಗಳಿವೆ, ನಿಜ. ಆದರೆ ಅವರು ಎಸೆದ 555 ಪಂದ್ಯಗಳಲ್ಲಿ 504ನ್ನು ಆರಂಭಿಸಿದವರೂ ಅವರೇ. ಇಂತಹವರನ್ನು ರಿಲೀಫ್ ಪಿಚರ್ ಎಂದು ಕರೆಯಲಾಗದು. ಅದೇ ಕಾಲದವರನ್ನು ಪರಸ್ಪರ ಹೋಲಿಸುವಾಗಲೂ 1891ನ್ನು ಗಡಿಯಾಗಿ ಇಟ್ಟುಕೊಳ್ಳಿ, ಏಕೆಂದರೆ ಬದಲಿ ಆಟಗಾರರನ್ನು ಯಾವ ಹಂತದಲ್ಲಾದರೂ ಇಳಿಸಲು ನಿಯಮ ಅವಕಾಶ ಕೊಟ್ಟದ್ದು ಆ ವರ್ಷದಿಂದ.