ಹಿಮಬಿರುಗಾಳಿಗೆ ಸಿಕ್ಕು ಕರೆಂಟಿಲ್ಲದೆ ಕೂತಿರುವ ಸಹೋದ್ಯೋಗಿಗಳಿಗೆ ದೂರದಿಂದ ಏನು ಮಾಡಬಹುದು?

ತಂಡದ ಹನ್ನೆರಡು ಜನರಲ್ಲಿ ಐವರು ಬಿರುಗಾಳಿಯ ಊರಲ್ಲಿದ್ದಾರೆ, ಕರೆಂಟಿಲ್ಲ, ಉಳಿದ ಏಳು ಜನ ಏನು ಮಾಡಬಹುದು ಅಂತ ಕೇಳಿದ್ದೀರಿ. ಮೊದಲು ಗ್ರೂಪಿನಲ್ಲಿ ‘ಎಲ್ಲರೂ ಹೇಗಿದ್ದೀರಿ?’ ಅಂತ ಕೇಳುವುದನ್ನು ನಿಲ್ಲಿಸಿ. ಏಳು ಜನ ಕೇಳಿ, ಅದರ ಕೆಳಗೆ ಮೂವತ್ತು ಕೈಮುಗಿಯುವ ಇಮೋಜಿ ಬಿದ್ದರೆ ಅಷ್ಟೂ ಸಲ ಅವರ ಫೋನ್ ಎಚ್ಚರಗೊಳ್ಳುತ್ತದೆ, ಚಾರ್ಜ್ ಇಳಿಯುತ್ತದೆ. ಚಳಿಗೆ ಬ್ಯಾಟರಿ ಮೊದಲೇ ಸೋತಿರುತ್ತದೆ. 20 ಪರ್ಸೆಂಟ್ ತೋರಿಸುತ್ತಿದ್ದ ಫೋನ್ ದಿಢೀರನೆ ಆಫ್ ಆಗುವುದುಂಟು. ಫೋನನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳಲು ಹೇಳಿ.

ಒಬ್ಬೊಬ್ಬರ ಹೊಣೆ ಒಬ್ಬೊಬ್ಬರಿಗೆ ಹಂಚಿ. ಅವರ ಊರಿನ ಗಡಿಯಾರದಂತೆ ಬೆಳಗ್ಗೆ 9ಕ್ಕೊಂದು, ಸಂಜೆ 6ಕ್ಕೊಂದು ಎಸ್ಸೆಮ್ಮೆಸ್, ಅಷ್ಟೇ. ನೆಟ್‌ವರ್ಕ್ ಒದ್ದಾಡುವಾಗ ಕರೆಗೂ ಡೇಟಾಗೂ ಇಲ್ಲದ ಸಂದು ಎಸ್ಸೆಮ್ಮೆಸ್‌ಗೆ ಹೆಚ್ಚಾಗಿ ಸಿಗುತ್ತದೆ. ಉತ್ತರ ಒಂದಂಕಿಯಲ್ಲಿ ಬರುವಂತೆ ಕೇಳಿ: ‘1 ಪರವಾಗಿಲ್ಲ, 2 ಏನೋ ಬೇಕು, 3 ಮನೆ ಬಿಡಬೇಕು. ನಂಬರ್ ಮಾತ್ರ ಕಳಿಸಿ.’ ಅವರ ಪೂರ್ತಿ ವಿಳಾಸ ಮತ್ತು ಪಕ್ಕದ ಮನೆಯವರದೋ ನೆಂಟರದೋ ನಂಬರನ್ನು ಮೊದಲ ಮೆಸೇಜಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಸತತ ಎರಡು ಹೊತ್ತು ಉತ್ತರ ಬರದಿದ್ದರೆ ಆ ನಂಬರಿಗೆ ಫೋನ್ ಮಾಡಿ. ಅಲ್ಲೂ ಸಿಗದಿದ್ದರೆ ಆ ಊರಿನ ಪೊಲೀಸರಿಗೆ ವಿಳಾಸ ಕೊಟ್ಟು ನೋಡಿ ಬರಲು ಕೇಳಿ.

ನಿಮ್ಮಿಂದ ಅವರಿಗೆ ನಿಜವಾಗಿ ಉಪಯೋಗ ಆಗುವುದು ನಿಮ್ಮ ಇಂಟರ್ನೆಟ್‌ನಿಂದ. ಕರೆಂಟ್ ಯಾವಾಗ ಬರಬಹುದು, ಯಾವ ರಸ್ತೆ ಮುಚ್ಚಿದೆ, ಹೀಟರ್ ಇರುವ ಆಶ್ರಯ ಕೇಂದ್ರ ಎಲ್ಲಿ ತೆರೆದಿದೆ, ಇದನ್ನೆಲ್ಲ ನೀವೇ ಹುಡುಕಿ, ಆದಷ್ಟು ಫೋನ್ ಮಾಡಿ ಖಚಿತಪಡಿಸಿಕೊಂಡು ಎರಡೇ ಸಾಲಿನಲ್ಲಿ ಕಳಿಸಿ. ಲಿಂಕ್ ಕಳಿಸಬೇಡಿ, ಅಲ್ಲಿ ಅದು ತೆರೆಯುವುದಿಲ್ಲ.

‘ಹುಷಾರಾಗಿರಿ’ ಅನ್ನುವ ಬದಲು ಕಾರ್ಬನ್ ಮೊನಾಕ್ಸೈಡ್ ಬಗ್ಗೆ, ಅಂದರೆ ಇದ್ದಿಲು, ಪೆಟ್ರೋಲ್‌ನಂಥವು ಉರಿಯುವಾಗ ಹೊರಬರುವ ವಿಷಾನಿಲದ ಬಗ್ಗೆ, ಹೇಳಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಕರೆಂಟ್ ಹೋದಾಗ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು, ಮನೆಯೊಳಗೆ ಇದ್ದಿಲು ಉರಿಸಿ ಚಳಿ ಕಾಯಿಸಿಕೊಂಡವರು ಈ ಅನಿಲಕ್ಕೆ ಬಲಿಯಾದರು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ತೆರೆದಿಟ್ಟರೆ ಸಾಕು ಅನ್ನುವುದು ತಪ್ಪು ನಂಬಿಕೆ. ಜನರೇಟರ್ ಹೊರಗೇ ಇರಬೇಕು, ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ. ‘ಮನೆಯವರಿಗೆಲ್ಲ ತಲೆನೋವು, ವಾಂತಿ ಬಂದ ಹಾಗಾಗ್ತಿದೆ, ಮಲಗ್ತೀವಿ’ ಅಂತ ಮೆಸೇಜ್ ಬಂತೋ, ಎಸ್ಸೆಮ್ಮೆಸ್ ನಿಯಮ ಪಕ್ಕಕ್ಕಿಟ್ಟು ತಕ್ಷಣ ಕರೆ ಮಾಡಿ. ಎಲ್ಲರೂ ಮೊದಲು ಹೊರಗೆ ಬರಲಿ, ತುರ್ತು ಸೇವೆಗೆ ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಮಾತು ತೊದಲುತ್ತಿದೆ, ನಡುಕ ನಿಂತಿದೆ ಆದರೂ ಮೈ ತಣ್ಣಗಿದೆ ಅಂದರೆ ಅದು ಮೈ ಶಾಖ ಅಪಾಯದ ಮಟ್ಟಕ್ಕೆ ಇಳಿದ ಲಕ್ಷಣ. ಅದಕ್ಕೂ ತುರ್ತು ಸೇವೆಯೇ ಬೇಕು.

ಫ್ರಿಜ್ ಬಾಗಿಲು ತೆರೆಯದಿದ್ದರೆ 4 ಗಂಟೆ, ತುಂಬಿದ ಫ್ರೀಜರ್ ಆದರೆ 48 ಗಂಟೆ ತಡೆಯುತ್ತದೆ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಹಿಮದಲ್ಲಿ ಇಡಬಾರದು. ಮನೆಯಲ್ಲಿ ಆಕ್ಸಿಜನ್ ಯಂತ್ರ ಬಳಸುವವರಿದ್ದರೆ ಅವರ ಹೆಸರು ನಿಮ್ಮ ಪಟ್ಟಿಯ ತಲೆಯಲ್ಲಿರಲಿ, ಅವರು ‘1’ ಕಳಿಸಿದರೂ ಸರಿ.

ಇನ್ನು ಕೆಲಸದ ವಿಷಯ. ‘ಬಿಡುವಾದಾಗ ನೋಡಿ’ ಅನ್ನುವ ಮೆಸೇಜಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮೆಲುದನಿಯಲ್ಲಿ ಹೇಳಿದರೂ ಅದು ಆಜ್ಞೆಯೇ. ಹೀಗೆ ಬರೆಯಿರಿ: ‘ನಿಮ್ಮ ಮೂರೂ ಕೆಲಸ ನಾನು ತಗೊಂಡಿದ್ದೇನೆ. ಶುಕ್ರವಾರದ್ದು ಮುಂದಿನ ಬುಧವಾರಕ್ಕೆ ಹೋಗಿದೆ. ಉತ್ತರ ಬೇಡ.’ ರಜೆ ಕಡಿತ ಆಗದಂತೆ ಮ್ಯಾನೇಜರ್ ಲಿಖಿತವಾಗಿ ಹೇಳಲಿ. ಗಂಟೆ ಲೆಕ್ಕದ ಸಂಬಳದವರ ಬಗ್ಗೆ ನೀವೇ ಮುಂದಾಗಿ ವಿಚಾರಿಸಿ, ಕೇಳಲು ಸಂಕೋಚ ಇರುವುದು ಅವರಿಗೇ.

ಕರೆಂಟ್ ಬಂದ ದಿನವೇ ಮೀಟಿಂಗಿಗೆ ಕರೆಯಬೇಡಿ. ಹೆಪ್ಪುಗಟ್ಟಿ ಒಡೆದ ಪೈಪು ಸೋರತೊಡಗುವುದು ಮಂಜು ಕರಗಿದ ಮೇಲೆ. ಅವತ್ತು ಅವರು ಮುಖ್ಯ ವಾಲ್ವ್ ಮುಚ್ಚಿ, ನೆಲದ ನೀರು ಬಳಿಯುತ್ತಾ, ಪ್ಲಂಬರ್‌ಗಾಗಿ ಸಾಲಿನಲ್ಲಿ ಕಾಯುತ್ತಿರುತ್ತಾರೆ. ಇನ್ನೂ ಎರಡು ಮೂರು ದಿನ ಅವರ ಪಾಲಿನ ಕೆಲಸ ನಿಮ್ಮ ಮೇಜಿನ ಮೇಲೇ ಇರಲಿ.