ಮೊದಲು ಕೋಣೆ ಕತ್ತಲಾಗಲಿ, ಪ್ರೊಜೆಕ್ಟರ್ ಆಮೇಲೆ ಬರಲಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಹಳೆಯ ಹಂಚಿನ ಮನೆ. ಮನೆಗೆ ತಾಗಿಕೊಂಡೇ ಅಡಿಕೆ ಹಾಕಿಡುತ್ತಿದ್ದ ಒಂದು ಕೋಣೆ ಈಗ ಖಾಲಿ ಇದೆ. 16 ಅಡಿ ಉದ್ದ, 12 ಅಡಿ ಅಗಲ. ಅದನ್ನು ರಿಪೇರಿ ಮಾಡಿ ಹೋಮ್ ಥಿಯೇಟರ್ ಮಾಡುವ ಯೋಚನೆ. ಅಪ್ಪನಿಗೆ 78 ವರ್ಷ. ಒಂದು ಕಾಲದಲ್ಲಿ ರಾತ್ರಿಯಿಡೀ ಆಟ ನೋಡುತ್ತಿದ್ದವರು, ಈಗ ಮೊಬೈಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಯಕ್ಷಗಾನ ನೋಡುತ್ತಾರೆ. ಒಟ್ಟು ಒಂದೂವರೆ ಲಕ್ಷ ಖರ್ಚು ಮಾಡಬಹುದು. ಆನ್‌ಲೈನಿನಲ್ಲಿ 9,000 ರೂಪಾಯಿಗೆ '12,000 ಲ್ಯೂಮೆನ್, 4ಕೆ ಸಪೋರ್ಟ್' ಅಂತ ಒಂದು ಪ್ರೊಜೆಕ್ಟರ್ ಇದೆ. ಮಂಗಳೂರಿನ ಅಂಗಡಿಯಲ್ಲಿ ತೋರಿಸಿದ್ದಕ್ಕೆ ಅದರ ಎಂಟು ಪಟ್ಟು ಬೆಲೆ, ಬೆಳಕಿನ ಅಳತೆಯಾದ ಲ್ಯೂಮೆನ್ ಮಾತ್ರ 3,000. ಯಾವುದನ್ನು ನಂಬುವುದು? ಪರದೆ 150 ಇಂಚಿನದ್ದೇ ಇರಲಿ ಅನ್ನುತ್ತಾನೆ ಭಾವ. ಸರಿಯಾ?

ಉತ್ತರ: ಅಪ್ಪನಿಗೋಸ್ಕರ ಈ ಕೆಲಸಕ್ಕೆ ಕೈ ಹಾಕಿದ್ದೀರಿ, ಓದಿ ತುಂಬ ಖುಷಿಯಾಯಿತು. ಖರ್ಚಿನ ಸಾಲು ಹೀಗಿರಲಿ ಅಂತ ನನ್ನ ಮಾತು: ಮೊದಲು ಕೋಣೆಯ ಕತ್ತಲೆಗೆ, ಆಮೇಲೆ ಪರದೆಗೆ, ಕೊನೆಗೆ ಪ್ರೊಜೆಕ್ಟರಿಗೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಆಮೇಲೆ ಚಿತ್ರ ಮಂಕಾಗಿದೆ ಅಂತ ಇನ್ನೂ ದೊಡ್ಡ ಪ್ರೊಜೆಕ್ಟರ್ ಹುಡುಕುತ್ತಾರೆ.

ಯಾಕೆ ಅಂದರೆ, ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಲಿಕ್ಕೆ ಬರುವುದಿಲ್ಲ. ಅದು ಬಿಡುವುದು ಬೆಳಕು ಮಾತ್ರ. ಚಿತ್ರದಲ್ಲಿ ಕಪ್ಪು ಇರುವ ಕಡೆ ಬೆಳಕನ್ನು ತಡೆದು ಸುಮ್ನೆ ಇರುತ್ತದೆ. ಆಗ ಅಲ್ಲಿ ಕಾಣುವುದು ನಿಮ್ಮ ಬಿಳಿ ಪರದೆಯೇ. ಕೋಣೆಯಲ್ಲಿ ಬೆಳಕಿದ್ದಷ್ಟೂ ಆ ಕಪ್ಪು ಬೂದು ಬಣ್ಣವಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ವೇಷ ರಾತ್ರಿ ರಂಗಸ್ಥಳದಲ್ಲಿ ಎದ್ದು ಕಾಣುವುದು ಹಿಂದೆ ಕತ್ತಲೆ ಇರುವುದರಿಂದ ಅಲ್ವಾ? ಪರದೆಯ ಮೇಲೂ ಲೆಕ್ಕ ಅದೇ.

ನಿಮ್ಮದು ಹಂಚಿನ ಮಾಡು. ಅಂಥ ಕೋಣೆಗಳಲ್ಲಿ ಬೆಳಕಿಗೆ ಅಂತ ಒಂದೆರಡು ಗಾಜಿನ ಹಂಚು ಹಾಕಿರುತ್ತಾರೆ. ಇದ್ದರೆ ಮೊದಲು ಅದನ್ನು ತೆಗೆಸಿ ಮಣ್ಣಿನ ಹಂಚು ಇಡಿಸಿ. ಹಂಚಿನ ಸಂದಿನಿಂದಲೂ ಬೆಳಕು ಸೂಜಿ ಸೂಜಿಯಾಗಿ ಇಳಿಯುತ್ತದೆ. ಅದಕ್ಕೆ ಮರದ ಮುಚ್ಚಿಗೆ ಹಾಕಿಸಿ. ಪಾಲಿಶ್ ಕೊಟ್ಟು ಮಿಂಚಿಸಬೇಡಿ. ಮುಚ್ಚಿಗೆಯಿಂದ ಇನ್ನೊಂದು ಉಪಕಾರ ಇದೆ. ಆಟಿ ತಿಂಗಳಲ್ಲಿ ಹಂಚಿನ ಮೇಲೆ ಮಳೆ ಸುರಿಯುವಾಗ ಭಾಗವತರ ಪದವೇ ಕೇಳಿಸುವುದಿಲ್ಲ, ಆ ಸದ್ದು ಸ್ವಲ್ಪ ತಗ್ಗುತ್ತದೆ. ಗೋಡೆಗೆ ಬಿಳಿ ಸುಣ್ಣ ಬೇಡ. ಪರದೆಯ ಹತ್ತಿರದ ಐದಾರು ಅಡಿಯಾದರೂ ಕಡು ಕಂದು, ಕಡು ಹಸಿರು, ಯಾವುದಾದರೂ ಹೊಳಪಿಲ್ಲದ ಗಾಢ ಬಣ್ಣ ಇರಲಿ. ಗೋಡೆ ಬಿಳಿಯಾದರೆ ಪರದೆಯಿಂದ ಹೊರಟ ಬೆಳಕು ಗೋಡೆಗೆ ಬಡಿದು ಮತ್ತೆ ಪರದೆಗೇ ಬರುತ್ತದೆ. ಎಲ್ಲ ಆದಮೇಲೆ ಮಧ್ಯಾಹ್ನ 12 ಗಂಟೆಗೆ ಬಾಗಿಲು ಹಾಕಿ ಐದು ನಿಮಿಷ ಒಳಗೆ ಕುಳಿತುಕೊಳ್ಳಿ. ಪೇಪರಿನ ತಲೆಬರಹ ಓದಲಿಕ್ಕೆ ಆಗುತ್ತದೆ ಅಂದರೆ ಇನ್ನೂ ಎಲ್ಲೋ ಸಂದು ಉಳಿದಿದೆ. ಬೆಳಕಿನ ಸಂದು ಮುಚ್ಚುವ ಭರದಲ್ಲಿ ಗಾಳಿಯ ದಾರಿ ಮುಚ್ಚಬೇಡಿ. ನಮ್ಮ ಸೆಕೆಗೆ ಅಪ್ಪನಿಗೂ ಕಷ್ಟ, ಯಂತ್ರಕ್ಕೂ ಕಷ್ಟ.

ಈಗ ಭಾವನ 150 ಇಂಚು. 100 ಇಂಚಿನ ಪರದೆ ಅಂದರೆ ಮೂಲೆಯಿಂದ ಮೂಲೆಗೆ ಅಷ್ಟು. ಅಗಲ ಸುಮಾರು 7 ಅಡಿ 3 ಇಂಚು, ಎತ್ತರ 4 ಅಡಿ 1 ಇಂಚು. ಇಷ್ಟು ಪರದೆಯನ್ನು 10 ಅಡಿಯಿಂದ ಹದಿಮೂರೂವರೆ ಅಡಿ ದೂರದಲ್ಲಿ ಕುಳಿತು ನೋಡಿದರೆ ಕಣ್ಣಿಗೆ ಹಿತ. ಪರದೆ 12 ಅಡಿಯ ಗೋಡೆಗೆ ಬಂದರೆ ಅಪ್ಪನ ಕುರ್ಚಿ 11 ಅಡಿಯಲ್ಲಿ ಬೀಳುತ್ತದೆ, ಹಿಂದೆ ಓಡಾಡಲಿಕ್ಕೆ 5 ಅಡಿ ಉಳಿಯುತ್ತದೆ. ಬಹಳ ಚಂದದ ಅಳತೆ. 150 ಇಂಚು ಮಾಡಿದರೆ ಅಗಲವೇ 11 ಅಡಿ ಹತ್ತಿರ. ಸ್ಪೀಕರ್ ಇಡಲಿಕ್ಕೆ ಜಾಗ ಇಲ್ಲ, ಅಪ್ಪ ಕುತ್ತಿಗೆ ಆಚೆ ಈಚೆ ತಿರುಗಿಸುತ್ತಾ ಕೂರಬೇಕು. ಅಲ್ಲದೆ ಪರದೆಯ ವಿಸ್ತೀರ್ಣ ಎರಡೂಕಾಲು ಪಟ್ಟು ಆಗುತ್ತದೆ. ಅದೇ ಬೆಳಕು ಅಷ್ಟು ಜಾಗಕ್ಕೆ ಹಂಚಿಹೋಗಿ ಹೊಳಪು ಅರ್ಧಕ್ಕಿಂತ ಕಡಿಮೆಗೆ ಇಳಿಯುತ್ತದೆ. 100 ಸಾಕು ಅಂತ ಭಾವನಿಗೆ ಧೈರ್ಯವಾಗಿ ಹೇಳಿ.

ಲ್ಯೂಮೆನ್ ಲೆಕ್ಕವೂ ಇಲ್ಲೇ ಇದೆ. 100 ಇಂಚಿನ ಪರದೆ ಅಂದರೆ ಹತ್ತಿರ ಹತ್ತಿರ 30 ಚದರ ಅಡಿ. ಕತ್ತಲೆಯ ಸಿನಿಮಾ ಮಂದಿರಕ್ಕೆ ಬಹಳ ಕಾಲದಿಂದ ಇರುವ ಅಳತೆ ಚದರ ಅಡಿಗೆ ಸುಮಾರು 16 ಲ್ಯೂಮೆನ್. ಗುಣಿಸಿ ನೋಡಿ, 480 ಬಂತು. ಒಳ್ಳೆಯ ಬಣ್ಣಕ್ಕೆ ಅಂತ 'ಸಿನಿಮಾ' ಮೋಡ್ ಹಾಕಿದರೆ ಬೆಳಕು ಕಡಿಮೆಯಾಗುತ್ತದೆ. ಲ್ಯಾಂಪ್ ಹಳತಾಗುತ್ತಾ ಹೋದಂತೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಎರಡನ್ನೂ ಸೇರಿಸಿದರೂ ನಿಮಗೆ ಬೇಕಾದದ್ದು 2,000 ನಿಜವಾದ ಲ್ಯೂಮೆನ್. ಅಂಗಡಿಯ 3,000 ಧಾರಾಳ ಆಯಿತು.

ಹಾಗಾದರೆ ಆ 12,000? ಅಳತೆಯೇ ಇಲ್ಲದ ಅಂಕೆ ಅದು. ಹೆಸರಿನ ಮುಂದೆ ಆನ್ಸಿ ಅಥವಾ ಐಎಸ್ಒ (ಒಪ್ಪಿತ ಅಳತೆಯ ಮಾನದಂಡಗಳು) ಅಂತ ಬರೆದ ಲ್ಯೂಮೆನ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಸುಮ್ನೆ 'ಲ್ಯೂಮೆನ್' ಅಂತಿದ್ದರೆ ಬಿಟ್ಟುಬಿಡಿ. ಆ ಬೆಲೆಯ ಯಂತ್ರಗಳು ನಿಜವಾಗಿ ಕೆಲವು ನೂರು ಕೊಟ್ಟರೆ ಹೆಚ್ಚು. '4ಕೆ ಸಪೋರ್ಟ್' ಅಂದರೂ ಅಷ್ಟೇ, 4ಕೆ ಫೈಲು ಹಾಕಿದರೆ ಓಡುತ್ತದೆ ಅಂತ ಅರ್ಥ. ಪರದೆಗೆ ಬೀಳುವ ಚುಕ್ಕಿಗಳು ಎಷ್ಟು ಅಂತ ತಿಳಿಯಲು 'ನೇಟಿವ್ ರೆಸಲ್ಯೂಶನ್' ಎಷ್ಟು ಅಂತ ಕೇಳಿ. ನಿಮ್ಮ ಬಜೆಟ್ಟಿಗೆ 1920×1080 ಸಾಕು. 100 ಇಂಚಿನಲ್ಲಿ ಅದರ ಒಂದೊಂದು ಚುಕ್ಕಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು. 11 ಅಡಿಯಿಂದ ಅದನ್ನು ಬಿಡಿಬಿಡಿಯಾಗಿ ನೋಡಲು ತುಂಬ ಚುರುಕು ಕಣ್ಣೇ ಬೇಕು. ಅಪ್ಪ ನೋಡುವ ಹಳೆಯ ಆಟದ ರೆಕಾರ್ಡಿಂಗ್‌ಗಳು ಅದಕ್ಕಿಂತ ಕೆಳಗಿನ ಗುಣಮಟ್ಟದವೇ ಜಾಸ್ತಿ.

ಅಂಗಡಿಯಲ್ಲಿ ಡಿಎಲ್‌ಪಿ ಬೇಕಾ, 3ಎಲ್‌ಸಿಡಿ ಬೇಕಾ ಅಂತ ಕೇಳುತ್ತಾರೆ. ಡಿಎಲ್‌ಪಿಯೊಳಗೆ ಲಕ್ಷಗಟ್ಟಲೆ ಪುಟ್ಟ ಕನ್ನಡಿಗಳಿರುವ ಒಂದು ಚಿಪ್ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು. ಮನೆಗೆ ಬರುವ ಡಿಎಲ್‌ಪಿಗಳಲ್ಲಿ ಚಿಪ್ ಒಂದೇ ಇರುವುದರಿಂದ ಕೆಂಪು, ಹಸಿರು, ನೀಲಿ ಒಂದರ ಹಿಂದೆ ಒಂದು ಬರುತ್ತವೆ. ಹೆಚ್ಚಿನವರ ಕಣ್ಣಿಗೆ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರ ಕತ್ತಲೆಯಲ್ಲಿ ಹೊಳೆಯುವ ವಸ್ತು ಓಡಿದರೆ ಅಂಚಿನಲ್ಲಿ ಕಾಮನಬಿಲ್ಲು ಮಿಂಚಿದಂತೆ ಕಾಣುತ್ತದೆ. ಕಿರೀಟ ಕಟ್ಟಿದ ವೇಷ ಗಿರ್ರನೆ ತಿರುಗುವುದನ್ನು ನೆನಪಿಸಿಕೊಳ್ಳಿ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಒಂದು ಪೆನ್‌ಡ್ರೈವಿನಲ್ಲಿ ಅಪ್ಪನಿಗೆ ಇಷ್ಟದ ಪ್ರಸಂಗ ಹಾಕಿಕೊಂಡು ಅಂಗಡಿಗೆ ಹೋಗಿ. ಸಾಧ್ಯವಾದರೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಕಾಮನಬಿಲ್ಲು ಕಂಡರೆ 3ಎಲ್‌ಸಿಡಿ ತೆಗೆದುಕೊಳ್ಳಿ, ಅದರಲ್ಲಿ ಮೂರೂ ಬಣ್ಣ ಒಟ್ಟಿಗೇ ಬರುತ್ತವೆ. ಆದರೆ ಅದರ ಗಾಳಿ ಫಿಲ್ಟರಿನಲ್ಲಿ ಧೂಳು ತುಂಬಿದರೆ ಕಷ್ಟ. ಅಂಗಳದಲ್ಲಿ ಅಡಿಕೆ ಒಣಗಿಸಿ ಸುಲಿಯುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ಕ್ಲೀನ್ ಮಾಡಲೇಬೇಕು.

ಪ್ರೊಜೆಕ್ಟರ್ ಎಷ್ಟು ದೂರದಲ್ಲಿ ಕೂರಬೇಕು ಅಂತ ಅದರ 'ಥ್ರೋ ರೇಷಿಯೋ' ಹೇಳುತ್ತದೆ. ಆ ಅಂಕೆಯನ್ನು ಪರದೆಯ ಅಗಲಕ್ಕೆ ಗುಣಿಸಿ. 1.5 ಇದ್ದರೆ ನಿಮ್ಮಲ್ಲಿ ಸುಮಾರು 11 ಅಡಿ. ಮಾಡಿಗೆ ತೂಗುಹಾಕುವಾಗ ನೆಟ್ಟಗೆ ಪರದೆಯ ನಡುವಿಗೇ ಬರಲಿ. ಓರೆ ಇಟ್ಟು 'ಕೀಸ್ಟೋನ್' ಒತ್ತಿ ಸರಿಮಾಡಿದರೆ ಚಿತ್ರದ ಚುಕ್ಕಿಗಳೇ ಕಮ್ಮಿಯಾಗುತ್ತವೆ. ರಿಪೇರಿ ನಡೆಯುವಾಗಲೇ ಗೋಡೆಯೊಳಗೆ ಒಂದೂವರೆ ಇಂಚಿನ ಪೈಪು ಹಾಕಿಸಿಬಿಡಿ. ಎಚ್‌ಡಿಎಂಐ ಕೇಬಲ್ ಮುಂದೆ ಬದಲಿಸಬೇಕಾದರೆ ಗೋಡೆ ಒಡೆಯುವುದು ಬೇಡ, ಇಲಿಯ ಹಲ್ಲಿಗೂ ಸಿಗುವುದಿಲ್ಲ.

ಪರದೆ ಕೊಳ್ಳುವ ಮೊದಲು ಗೋಡೆಗೆ ಪುಟ್ಟಿ ಹಾಕಿಸಿ, ಅಲ್ಲಿಗೆ ಮಾತ್ರ ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿ ಎರಡು ವಾರ ಅದರ ಮೇಲೇ ನೋಡಿ. ಅಪ್ಪನಿಗೆ ಎತ್ತರ ಸರಿಯಾಗುತ್ತದಾ, ದೂರ ಸರಿಯಾಗುತ್ತದಾ ಅಂತ ಗೊತ್ತಾಗುತ್ತದೆ. ಆಮೇಲೆ ಗೇನ್ (ಪರದೆ ಬೆಳಕನ್ನು ಎಷ್ಟು ಹಿಂದಕ್ಕೆ ಕೊಡುತ್ತದೆ ಅನ್ನುವ ಅಂಕೆ) 1.0 ಅಥವಾ 1.1 ಇರುವ ಮ್ಯಾಟ್ ವೈಟ್ ಪರದೆ, ಚೌಕಟ್ಟಿಗೆ ಬಿಗಿದದ್ದು, ಸುತ್ತ ಕಪ್ಪು ವೆಲ್ವೆಟ್ ಅಂಚಿನದ್ದು ತೆಗೆದುಕೊಳ್ಳಿ. ಗೇನ್ ಜಾಸ್ತಿ ಇದ್ದರೆ ನಡುವಿನಲ್ಲಿ ಬೆಳಕಿನ ಗುಪ್ಪೆ ಕಾಣುತ್ತದೆ, ಬದಿಯಲ್ಲಿ ಕುಳಿತವರಿಗೆ ಮಂಕಾಗುತ್ತದೆ. ಸುರುಳಿ ಸುತ್ತುವ ಅಗ್ಗದ ಪರದೆ ನಮ್ಮ ಕಡೆಗೆ ಬೇಡವೇ ಬೇಡ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬರುವ ಜಿಲ್ಲೆ ಇದು. ಸುತ್ತಿಟ್ಟ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ಅಂಚು ಮಡಚಿಕೊಳ್ಳುತ್ತದೆ. ಮಳೆ ಬಡಿಯುವ ಗೋಡೆಗಾದರೆ ಪರದೆಯ ಹಿಂದೆ ಒಂದಿಂಚು ಗಾಳಿಯಾಡಲು ಬಿಡಿ.

ಹಣದಲ್ಲಿ ಅರ್ಧ ಪ್ರೊಜೆಕ್ಟರಿಗೆ ಇರಲಿ. ಉಳಿದ ಅರ್ಧ ಕೋಣೆ, ಪರದೆ, ಸ್ಪೀಕರಿಗೆ. ಪ್ರೊಜೆಕ್ಟರಿನೊಳಗಿನ ಸ್ಪೀಕರನ್ನು ನಂಬಬೇಡಿ. ಚೆಂಡೆಯ ಪೆಟ್ಟು ತಲೆಯ ಹಿಂದಿನಿಂದ ಬಂದರೆ ಆಟದ ಸುಖವೇ ಇಲ್ಲ. ಪರದೆಯ ಎರಡು ಬದಿಗೆ ಎರಡು ಒಳ್ಳೆಯ ಸ್ಪೀಕರ್ ಇಟ್ಟರೆ ಸದ್ಯಕ್ಕೆ ಸಾಕು.

ಪ್ರಶ್ನೆ: ಉಪ್ಪಳದಲ್ಲಿ ನಮ್ಮ ಹೊಸ ಮನೆಯ ಹಾಲ್‌ಗೆ ಮೂರು ದೊಡ್ಡ ಕಿಟಕಿ. ಹಗಲು ಹೊತ್ತು ಕ್ರಿಕೆಟ್ ನೋಡಬೇಕು. ಗೋಡೆಯ ಬುಡದಲ್ಲೇ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್ ಆಗಬಹುದಾ? ಮನೆಯಲ್ಲಿ ಮೂರು ವರ್ಷದ ಮಗು ಇದೆ.

ಉತ್ತರ: ನಿಮಗೆ ದೊಡ್ಡ ಟಿವಿಯೇ ಒಳ್ಳೆಯದು. ಕಿಟಕಿಯ ಬೆಳಕಿನ ಎದುರು ಯಾವ ಪ್ರೊಜೆಕ್ಟರೂ 75 ಇಂಚಿನ ಟಿವಿಯಷ್ಟು ನಿಲ್ಲುವುದಿಲ್ಲ. ಆದರೂ ಅದೇ ಬೇಕು ಅಂದರೆ, ಕೆಳಗಿನಿಂದ ಬರುವ ಬೆಳಕನ್ನು ನೋಡುವವರ ಕಡೆಗೆ ತಿರುಗಿಸಿ ಮೇಲಿನ ಬೆಳಕನ್ನು ನುಂಗುವ ವಿಶೇಷ ಪರದೆ ಜೊತೆಗೇ ಬೇಕು. ಅದನ್ನು ಈ ಜಾತಿಯ ಪ್ರೊಜೆಕ್ಟರಿಗೆ ಅಂತಲೇ ಮಾಡಿರುತ್ತಾರೆ. ದೂರದಿಂದ ಬಿಡುವ ಪ್ರೊಜೆಕ್ಟರಿನ ಎಎಲ್ಆರ್ (ಕೋಣೆಯ ಬೆಳಕನ್ನು ತಡೆಯುವ) ಪರದೆ ಇದಕ್ಕೆ ಆಗುವುದಿಲ್ಲ. ಬರಿ ಗೋಡೆಯೂ ಆಗುವುದಿಲ್ಲ. ಬೆಳಕು ತೀರಾ ಓರೆಯಾಗಿ ಬೀಳುವುದರಿಂದ ಗೋಡೆಯ ಸಣ್ಣ ಉಬ್ಬು ತಗ್ಗೂ ಅಲೆಯಂತೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಅದರ ಲೇಸರ್ ಬೆಳಕು ಮೇಲಕ್ಕೆ ಹೊಮ್ಮುತ್ತಿರುತ್ತದೆ. ಮಗು ಬಗ್ಗಿ ಇಣುಕಿದರೆ ಕಣ್ಣಿಗೆ ಅಪಾಯ. ಹತ್ತಿರ ಬಂದರೆ ಬೆಳಕು ತಗ್ಗಿಸುವ ಸೆನ್ಸರ್ ಹೆಚ್ಚಿನವುಗಳಲ್ಲಿ ಇದೆ. ಆದರೂ ಮೂರು ವರ್ಷದ ಮಗು ಇರುವ ಮನೆಗೆ ನಾನು ಅದನ್ನು ಇಡಿಸುವುದಿಲ್ಲ.

ಪ್ರಶ್ನೆ: ಮುಳ್ಳೇರಿಯದಲ್ಲಿ ಸಿಡಿಲು ಜಾಸ್ತಿ. ಪ್ರೊಜೆಕ್ಟರಿಗೆ ಸ್ಟೆಬಿಲೈಸರ್ ಹಾಕಿದರೆ ಸಾಕಾ?

ಉತ್ತರ: ಸಾಲದು. ಸ್ಟೆಬಿಲೈಸರ್ ವೋಲ್ಟೇಜಿನ ಏರಿಳಿತಕ್ಕೆ, ಸಿಡಿಲಿಗೆ ಅಲ್ಲ. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಸಂಜೆ ಮೋಡ ಕಟ್ಟಿದ ಕೂಡಲೇ ಪ್ಲಗ್ ಎಳೆದು ತೆಗೆಯಿರಿ. ಅಷ್ಟಕ್ಕೇ ಬಿಡಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಪ್ರೊಜೆಕ್ಟರಿನ ಪ್ಲಗ್ ತೆಗೆದಿದ್ದೆ, ಡಿಶ್ಶಿನ ವಯರ್ ಮರೆತಿದ್ದೆ. ಸಿಡಿಲು ಡಿಶ್ಶಿನಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್ಲಿಗೆ ಬಂದು ಪ್ರೊಜೆಕ್ಟರಿನ ಬೋರ್ಡೇ ಹೋಯಿತು. ಆದ್ದರಿಂದ ಡಿಶ್, ಕೇಬಲ್, ತಾಮ್ರದ ಇಂಟರ್‌ನೆಟ್ ವಯರ್ ಎಲ್ಲವನ್ನೂ ಬಿಡಿಸಿ. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ವಯರಿಂಗ್ ಗೊತ್ತಿದ್ದವರಿಂದ ವರ್ಷಕ್ಕೊಮ್ಮೆ ನೋಡಿಸಿ. ಲ್ಯಾಂಪ್ ಇರುವ ಪ್ರೊಜೆಕ್ಟರಾದರೆ ಸಣ್ಣ ಯುಪಿಎಸ್ ಒಂದು ಇರಲಿ. ನಡುವೆ ಕರೆಂಟು ಹೋದರೆ ಒಳಗಿನ ಫ್ಯಾನ್ ನಿಂತು, ಕಾದ ಲ್ಯಾಂಪ್ ತಣಿಯದೆ ಅದರ ಆಯುಷ್ಯ ಕಮ್ಮಿಯಾಗುತ್ತದೆ. ಮಳೆಗಾಲದಲ್ಲಿ ಆಟ, ಸಿನಿಮಾ ಏನೂ ಇಲ್ಲದಿದ್ದರೂ ವಾರಕ್ಕೆ ಒಂದು ಗಂಟೆ ಸಿಡಿಲಿಲ್ಲದ ಹೊತ್ತು ನೋಡಿ ಓಡಿಸಿ. ಒಳಗಿನ ಬಿಸಿಗೆ ತೇವ ಆರಿ, ಲೆನ್ಸಿಗೆ ಫಂಗಸ್ ಹಿಡಿಯುವುದು ತಪ್ಪುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಕಟ್ಟಿಡಬೇಡಿ, ತೇವ ಒಳಗೇ ನಿಂತುಬಿಡುತ್ತದೆ. ಹಳೆಯ ಹತ್ತಿ ಬಟ್ಟೆ ಹೊದೆಸಿದರೆ ಸಾಕು, ಅದೂ ಪ್ರೊಜೆಕ್ಟರ್ ಪೂರ್ತಿ ತಣಿದ ಮೇಲೆ.